ಡ್ರೈವರಣ್ಣನ ರಿವರ್ಸ್ ಕ್ಯಾಮೆರಾ

ಡ್ರೈವರಣ್ಣನ ತಿಥಿಯ ಊಟಕ್ಕೆ ಕೂತಾಗ ನನ್ನ ಪಕ್ಕದ ಎಲೆಯಲ್ಲಿ ಅವರ ನೆಂಟರ ಪೈಕಿ, ಅರಕಲಗೂಡು ಕಡೆಯ ಹೆಂಗಸೊಬ್ಬರು ಕೂತಿದ್ದರು. ಅನ್ನ ಬರುವ ಮೊದಲೇ ಮಾತು ಶುರುಮಾಡಿದರು. "ಎಂಥಾ ಧೈರ್ಯಸ್ಥ ಕಣವ್ವ. ಅಷ್ಟು ವರ್ಷ ಸರ್ಕಾರಿ ಬಸ್ಸು ಓಡ್ಸಿ ಒಂದು ಕೋಳಿಮರೀಗೂ ತಾಕುಸ್ಲಿಲ್ಲ ಅಂತಾರೆ." ನಾನು ಹೌದು ಹೌದು ಅಂದೆ. ತಿಥಿ ಮನೆಯಲ್ಲಿ ಕೂತು ಇನ್ನೇನು ಅನ್ನಲು ಆಗುತ್ತದೆ. ಆದರೆ ನಾನು ಕಂಡ ಮನುಷ್ಯ ಧೈರ್ಯಸ್ಥರಲ್ಲ. ಹೊಳೆನರಸೀಪುರದ ನಮ್ಮ ಓಣಿಯಲ್ಲಿ ಅವರಷ್ಟು ಹೆದರುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಆ ಹೆದರಿಕೆಯ ಪಕ್ಕದಲ್ಲಿ ಎಷ್ಟೋ ಬೆಳಗ್ಗೆ ನಾನೂ ನಿಂತಿದ್ದೇನೆ. ಹಾಗಾಗಿ ಇದನ್ನು ದೂರಿನ ಹಾಗೆ ಹೇಳುತ್ತಿಲ್ಲ.

ಓಣಿಯ ಎಲ್ಲರಿಗೂ ಅವರು ಡ್ರೈವರಣ್ಣ. ಅವರ ಹೆಂಡತಿ ನನಗೆ ಅಕ್ಕ. ನಾನು ಅದೇ ಓಣಿಯ ಅಂಗನವಾಡಿ ಟೀಚರು. ಓಣಿ ಹೇಗಿದೆ ಎಂದು ಮೊದಲು ಹೇಳಬೇಕು. ದೊಡ್ಡ ರಸ್ತೆಯಿಂದ ಒಳಗೆ ಬಂದರೆ ನಡುವೆ ನಮ್ಮ ಅಂಗನವಾಡಿ, ಆಮೇಲೆ ಕೆಲವು ಮನೆಗಳು, ಕೊನೆಗೆ ಡ್ರೈವರಣ್ಣನ ಮನೆ. ಅದರಾಚೆ ಹಳೆಯ ಅಕ್ಕಿ ಗಿರಣಿಯ ಗೋಡೆ. ಅಲ್ಲಿಗೆ ದಾರಿ ಮುಗಿಯಿತು. ಅವರ ಕಾರು ಆ ಗೋಡೆಗೆ ಮೂತಿ ಇಟ್ಟು ತಗಡಿನ ಚಪ್ಪರದ ಕೆಳಗೆ ನಿಲ್ಲುತ್ತಿತ್ತು. ತಿರುಗಿಸಲು ಜಾಗವಿಲ್ಲ. ಹೊರಗೆ ಹೋಗಬೇಕಾದರೆ ಓಣಿಯ ಉದ್ದಕ್ಕೂ, ನನ್ನ ಮಕ್ಕಳು ಬರುವ ದಾರಿಯಲ್ಲೇ, ಹಿಂದಕ್ಕೆ ಹಿಂದಕ್ಕೆ ಹೋಗಬೇಕು.

ಹಿಂದಕ್ಕೆ ಹೋಗುವುದೊಂದೇ ಅವರ ಭಯ. ಮುಂದಕ್ಕಾದರೆ ಬಿಸಿಲೆ ಘಾಟಿಯಾದರೂ ಸರಿ, ಸಂತೆಯ ಜಂಗುಳಿಯಾದರೂ ಸರಿ, ಒಂದು ಕೈಯಲ್ಲಿ ಕಾಲರಿನ ಕರ್ಚೀಫು ಸರಿಮಾಡಿಕೊಳ್ಳುತ್ತ ಓಡಿಸುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಕೆಳಗಿಳಿದು, ಹಿಂದೆ ನಿಂತು ಸೀಟಿ ಊದಿದರೆ ಮಾತ್ರ ಬಸ್ಸು ಹಿಂದಕ್ಕೆ ಬರಬೇಕು. ಆ ಕಟ್ಟಳೆ ಅವರ ಮೈಗೆ ಹತ್ತಿಹೋಗಿತ್ತು. "ಮುಂದಕ್ಕೆ ಓಡ್ಸೋದು ನನ್ ಕೆಲ್ಸ ಟೀಚ್ರಮ್ಮ. ಹಿಂದಕ್ಕೆ ಬರೋದು ಇನ್ನೊಬ್ರ ಮಾತಿನ ಮೇಲೆ" ಅನ್ನುತ್ತಿದ್ದರು. ಹಿಂದೆ ಏನಾದರೂ ಆಗಿತ್ತೇ, ಯಾಕಿಷ್ಟು ಭಯ ಎಂದು ಒಮ್ಮೆ ಕೇಳಿದೆ.

"ಏನೂ ಆಗಿಲ್ಲ. ಅದಕ್ಕೇ ಭಯ" ಅಂದರು.

ನಿವೃತ್ತಿಯಾದ ಮೇಲೆ ಹಳೆಯ ಕಾರೊಂದನ್ನು ಕೊಂಡರು. ಆಗ ಕಂಡಕ್ಟರ ಕೆಲಸ ಅಕ್ಕನ ಪಾಲಿಗೆ ಬಂತು. ಸೆರಗು ಸಿಕ್ಕಿಸಿಕೊಂಡು ಹಿಂದೆ ನಡೆಯುತ್ತ ಡಿಕ್ಕಿಯ ಮೇಲೆ ಅಂಗೈಯಿಂದ ಬಡಿಯುವರು. ಎರಡು ಬಡಿತಕ್ಕೆ ಬಾ, ಒಂದಕ್ಕೆ ನಿಲ್ಲು. "ಇವರ್ಗೆ ಪೆನ್‌ಷನ್ ಬಂತು, ನಂಗೆ ಕೆಲ್ಸ ಸಿಕ್ತು" ಎಂದು ಓಣಿಗೆಲ್ಲ ಕೇಳುವಂತೆ ಹೇಳುವರು. ಬಸ್ಸಿನ ಇನ್ನೊಂದು ಅಭ್ಯಾಸವೂ ಡ್ರೈವರಣ್ಣನನ್ನು ಬಿಟ್ಟಿರಲಿಲ್ಲ. ಹಾಸನದ ರಸ್ತೆಯಲ್ಲಿ ಪ್ರತಿಯೊಂದು ಬಸ್‌ಸ್ಟಾಪಿನ ಮುಂದೆಯೂ ಕಾರನ್ನು ನಿಧಾನ ಮಾಡುವರು. ಹಾಗೆ ನಿಧಾನ ಮಾಡಿದಾಗ ಒಬ್ಬ ಅಜ್ಜಿ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತು, ಆಧಾರ್ ಕಾರ್ಡ್ ತೆಗೆದು ಮುಂದೆ ಕೂತಿದ್ದ ಅಕ್ಕನ ಮುಖಕ್ಕೆ ಹಿಡಿಯಿತಂತೆ. "ಮಡಿಕ್ಕೊಳವ್ವ. ಇದು ಸರ್ಕಾರಿ ಬಸ್ಸಲ್ಲ, ಆದ್ರೂ ಪುಕ್ಕಟೇನೇ" ಎಂದು ಅಕ್ಕ ಆ ಅಜ್ಜಿಯನ್ನು ಹಾಸನದವರೆಗೂ ಕರೆದುಕೊಂಡು ಹೋಗಿದ್ದರು.

ಆಮೇಲೆ ಅಕ್ಕನ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಹಾಸನದಲ್ಲಿ ಡಯಾಲಿಸಿಸ್. ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಹಗ್ಗದ ಗಂಟಿನಂತೆ ಉಬ್ಬಿತು. ಆ ಕೈ ಎಲ್ಲೂ ತಾಗಬಾರದು, ಕಾರು ಜಗ್ಗಬಾರದು. ಡಿಕ್ಕಿ ಬಡಿಯುವುದಿರಲಿ, ಅಕ್ಕನಿಗೆ ದೊಡ್ಡ ರಸ್ತೆಯವರೆಗೆ ನಡೆಯುವ ತ್ರಾಣವೂ ಹೋಯಿತು. ಮೊದಲು ಬೆಳಗಿನ ಜಾವದ ಪಾಳಿ ಇತ್ತು. ಓಣಿ ಖಾಲಿ ಇರುತ್ತಿತ್ತು, ನಾನೇ ಶಾಲು ಹೊದ್ದು ಬಂದು ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದೆ. ಆಮೇಲೆ ಆಸ್ಪತ್ರೆಯವರು ಪಾಳಿ ಬದಲಿಸಿದರು. ಈಗ ಮನೆ ಬಿಡಬೇಕಾದದ್ದು ಒಂಬತ್ತೂವರೆಗೆ. ಅಂದರೆ ಸರಿಯಾಗಿ ನನ್ನ ಮಕ್ಕಳು ಒಬ್ಬೊಬ್ಬರಾಗಿ ಬರುವ ಹೊತ್ತಿಗೆ.

ಸಂಜೆ ವಾಪಸು ಬರುವಾಗಲೇ ರಿವರ್ಸಿನಲ್ಲಿ ಒಳಗೆ ಬನ್ನಿ, ಬೆಳಗ್ಗೆ ನೇರ ಹೋಗಬಹುದು ಎಂದು ನಾನೇ ಹೇಳಿದ್ದುಂಟು. "ಬರೋವಾಗ ಅವ್ಳಿಗೆ ಬಿಪಿ ಇಳ್ದು ಕಣ್ಣು ಮುಚ್ಚಿರ್ತಾಳೆ. ಅವ್ಳನ್ನ ನೋಡ್ಲಾ, ಹಿಂದೆ ನೋಡ್ಲಾ? ಅದೇ ಹೊತ್ಗೆ ನಿನ್ ಮಕ್ಳೂ ಬಿಟ್ಟಿರ್ತವೆ" ಅಂದರು. ಅದೂ ನಿಜ.

ಒಂದು ಬುಧವಾರ ನನ್ನ ಸಹಾಯಕಿ ಬಂದಿರಲಿಲ್ಲ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಅಳುವ ಮಕ್ಕಳು. ನಾನು ಹೊರಗೆ ಬರುವ ಹಾಗಿರಲಿಲ್ಲ. ಡ್ರೈವರಣ್ಣ ಅಕ್ಕನನ್ನು ಕೂರಿಸಿಕೊಂಡು, ಎಂಜಿನ್ ಚಾಲೂ ಇಟ್ಟು, ಹಾಗೇ ಕೂತಿದ್ದರು. ಹಾರನ್ನೂ ಮಾಡಲಿಲ್ಲ. ನಾನು ಕೈ ಒರೆಸಿಕೊಂಡು ಓಡಿಬರುವಷ್ಟರಲ್ಲಿ ಹೊತ್ತು ಮೀರಿತ್ತು. ಆಸ್ಪತ್ರೆಯಲ್ಲಿ ಸಿಸ್ಟರು ಬೈಯಲಿಲ್ಲವಂತೆ. ಕಾಯುತ್ತಿರುವವರು ಬಹಳ ಮಂದಿ ಇದ್ದಾರೆ, ಇನ್ನೊಂದು ಸಲ ಹೀಗಾದರೆ ಈ ಪಾಳಿ ಬೇರೆಯವರಿಗೆ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರಂತೆ. ಒಂದು ಸರದಿ ತಪ್ಪಿದರೆ ಅಕ್ಕನ ಮುಖ ಊದಿ ಉಸಿರು ಮೇಲಕ್ಕೆ ಬರುತ್ತದೆ. ಅದನ್ನು ನಾವು ಆಗಲೇ ಒಮ್ಮೆ ನೋಡಿದ್ದೆವು.

ಆ ಸಂಜೆ ಡ್ರೈವರಣ್ಣ ನಮ್ಮ ಮನೆ ಜಗುಲಿಗೆ ಬಂದು ಕೂತರು. ಕಾಫಿ ಆರಿಹೋಯಿತು. ಕೊನೆಗೆ, "ಹಿಂದೆ ಕಾಣೋ ಕ್ಯಾಮೆರಾ ಅಂತ ಬಂದದಂತಲ್ಲ ಟೀಚ್ರಮ್ಮ, ಅದನ್ನ ನಂಬ್ಬೋದಾ?" ಅಂದರು.

ನಂಬಬಹುದೋ ಇಲ್ಲವೋ ಎಂದು ತೀರ್ಮಾನಿಸಲು ಅವರು ಮೂರು ಊರು ತಿರುಗಿದರು. ಮೊದಲು ಚನ್ನರಾಯಪಟ್ಟಣ. ಅಲ್ಲಿ ಅವರ ಜೊತೆ ಒಂದೇ ರೂಟಿನಲ್ಲಿದ್ದ ಕಂಡಕ್ಟರು ಈಗ ಅಳಿಯನ ಕಾರು ಸಾಮಾನಿನ ಅಂಗಡಿಯಲ್ಲಿ ಕೂರುತ್ತಾರೆ. ಕ್ಯಾಮೆರಾ ಬೇಕು ಅಂದದ್ದಕ್ಕೆ ಆ ಮನುಷ್ಯನಿಗೆ ನಿಜಕ್ಕೂ ಬೇಜಾರಾಯಿತಂತೆ.

"ಅಲ್ಲ ಕಣಯ್ಯ, ಮಳೇಲಿ ನೆನ್ಕಂಡು, ಕೆಸ್ರಲ್ಲಿ ನಿಂತ್ಕಂಡು ನಿನ್ನ ಹಿಂದಕ್ಕೆ ಕರ್ಕಂಡಿವ್ನಿ. ಈಗ ನನ್ ಜಾಗಕ್ಕೆ ಈ ಬಟಾಣಿ ಕಾಳಷ್ಟು ಗಾಜು ತಂದು ಮಡಗ್ತೀಯಾ?"

"ಅಂಗಾದ್ರೆ ನೀನೇ ಬಾ. ಸೋಮ್ವಾರ, ಬುಧ್ವಾರ, ಶುಕ್ರವಾರ."

"ಟಿಎ, ಡಿಎ ಕೊಡ್ತೀಯಾ?"

ಹೀಗೆ ಕಾದಾಡಿಕೊಂಡೇ ಕಂಡಕ್ಟರು ಕ್ಯಾಮೆರಾ ಬೇಡ, ಸೆನ್ಸರ್ ಹಾಕಿಸು, ಏನಾದರೂ ಹತ್ತಿರ ಬಂದರೆ ಕೂಗುತ್ತದೆ ಎಂದು ತನ್ನ ಅಂಗಡಿಯ ಮುಂದಿದ್ದ ಕಾರಿನಲ್ಲಿ ಕೂರಿಸಿ ತೋರಿಸಿದರು. ಡ್ರೈವರಣ್ಣ ಆ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತು ಇಳಿದುಬಂದರು. ನಮ್ಮ ಓಣಿಯ ಎರಡೂ ಕಡೆ ಗೋಡೆಗಳು ಮೈಗೆ ಮೈ ತಾಗುವಷ್ಟು ಹತ್ತಿರ. ಆ ಸೆನ್ಸರು ಮನೆಯಿಂದ ದೊಡ್ಡ ರಸ್ತೆಯವರೆಗೂ ಕೂಗುತ್ತಲೇ ಇರುತ್ತದೆ. "ಯಾವಾಗ್ಲೂ ಅಳೋ ಮಗ ಯಾವಾಗ ನಿಜ್ವಾಗ್ ಅಳ್ತು ಅಂತ ಎಂಗೆ ಗೊತ್ತಾಗ್ಬೇಕು?" ಎಂದು ನನಗೆ ಬಂದು ಹೇಳಿದರು. ಅಂಗನವಾಡಿ ನಡೆಸುವವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಅರಕಲಗೂಡು. ಅಲ್ಲಿ ನೆಂಟರೊಬ್ಬರ ಗೂಡ್ಸ್ ಟೆಂಪೋದಲ್ಲಿ ವೈರಿಲ್ಲದ ಕ್ಯಾಮೆರಾ ಇತ್ತು. ಬೆಳಗ್ಗೆಯಿಡೀ ಆ ಟೆಂಪೋದಲ್ಲಿ ಕೂತು ಪರದೆ ನೋಡಿದರಂತೆ. ಆಗೊಮ್ಮೆ ಈಗೊಮ್ಮೆ ಚಿತ್ರ ಅಲೆಅಲೆಯಾಗಿ ಅಳಿಸಿಹೋಗಿ ಮತ್ತೆ ಬರುತ್ತಿತ್ತು. ಕಣ್ಣು ಮಿಟುಕಿಸಿದ ಹಾಗೆ ಅಷ್ಟೇ, ಏನೂ ತೊಂದರೆಯಿಲ್ಲ ಎಂದು ನೆಂಟರು ಹೇಳಿದರು. ಡ್ರೈವರಣ್ಣನ ಪ್ರಶ್ನೆ ಒಂದೇ: "ಅದು ಕಣ್ಣು ಮಿಟುಕ್ಸಿದಾಗ್ಲೇ ಮಗ ಬಂದ್ರೆ?"

ಬಂದ್ರೆ. ಅವರ ಬಾಯಲ್ಲಿ ಆ ಕಾಲದಲ್ಲಿ ಹೆಚ್ಚು ಬರುತ್ತಿದ್ದ ಮಾತು ಅದೇ. ಮಳೆ ಬಂದ್ರೆ, ಕೆಸರು ಹಾರಿದ್ರೆ, ಬಿಸಿಲು ನೇರ ಬಿದ್ರೆ. ಕೇಳಿ ಕೇಳಿ ನನಗೂ ಅದು ಅಂಟಿತು. ರಾತ್ರಿ ಮಲಗುವಾಗ ನಾನೂ ಅಂದುಕೊಳ್ಳುತ್ತಿದ್ದೆ. ತಾಯಂದಿರು ನನ್ನ ಕೈಗೆ ಬಿಟ್ಟು ಹೋಗುವ ಮಕ್ಕಳು. ಕಾರು ಅವರದ್ದಾದರೂ ಮಕ್ಕಳು ನನ್ನವು.

ಒಂದು ಸೋಮವಾರ ಸರ್ಕಾರಿ ರಜೆ ಬಂತು. ನಾನೂ ಅವರ ಜೊತೆ ಹಾಸನಕ್ಕೆ ಹೋದೆ. ಅಕ್ಕನನ್ನು ಮೆಷೀನಿನ ಮುಂದೆ ಮಲಗಿಸಿ, ನಾವಿಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಎರಡು ಬಗೆಯ ಕ್ಯಾಮೆರಾ ತೋರಿಸಿದ. ಒಂದು ಹಿಂದಿನ ಗಾಜಿನ ಮೇಲೆ ಕೂರುವಂಥದ್ದು. ದೂರದವರೆಗೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು ನಂಬರ್ ಪ್ಲೇಟಿನ ಮೇಲೆ ಕೂತು ನೆಲ ನೋಡುವಂಥದ್ದು.

"ಮೇಲಿಂದೇ ತಗೊಳ್ಳಿ ಸಾ, ರೋಡೆಲ್ಲ ಕ್ಲಿಯರಾಗಿ ಬತ್ತದೆ" ಅಂದ ಅಂಗಡಿಯವನು.

ಮೇಲಿನ ಕ್ಯಾಮೆರಾ ಹಾಕಿದ್ದ ಕಾರೊಂದು ಅಂಗಡಿ ಮುಂದೆ ನಿಂತಿತ್ತು. ಡ್ರೈವರಣ್ಣ ಅದರ ಹಿಂದೆ ಹೋಗಿ, ಪಂಚೆ ಮೇಲಕ್ಕೆ ಕಟ್ಟಿ, ಬಂಪರಿಗೆ ಬೆನ್ನು ತಾಗಿಸಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಹಾಸನದ ದೊಡ್ಡ ರಸ್ತೆ. ಬಸ್ಸು, ಲಾರಿ, ಜನ.

"ಟೀಚ್ರಮ್ಮ, ಕಾಣ್ತೀನಾ?"

ನಾನು ಕಾರಿನೊಳಗೆ ಪರದೆಯ ಮುಂದೆ ಕೂತಿದ್ದೆ. ಎದುರು ಹೋಟೆಲಿನ ಬೋರ್ಡು ಕಾಣುತ್ತಿತ್ತು, ದಾಟುವ ಜನ ಕಾಣುತ್ತಿದ್ದರು. ಅವರು ಕಾಣುತ್ತಿರಲಿಲ್ಲ.

"ಇಲ್ಲ ಅಣ್ಣ."

"ತಲೆ?"

"ತಲೇನೂ ಇಲ್ಲ."

ಕೆಳಗೆ ಕೂರುವ ಕ್ಯಾಮೆರಾ ಇದ್ದ ಇನ್ನೊಂದು ಕಾರಿನ ಹಿಂದೆಯೂ ಹಾಗೇ ಕೂತರು. ಅದರಲ್ಲಿ ಅವರ ಬೋಳುತಲೆ, ಹೆಗಲ ಮೇಲಿನ ಕರ್ಚೀಫು, ಪರದೆಯ ಬುಡದಲ್ಲಿ ಕಾಣಿಸಿತು. ಆದರೂ ಸಮಾಧಾನವಾಗಲಿಲ್ಲ. ಅತ್ತ ಸರಿದು ಕೂತರು, ಇತ್ತ ಸರಿದು ಕೂತರು, ಬಾಗಿ ಏನೋ ಹೆಕ್ಕುವವರ ಹಾಗೆ ಕೂತರು. ಅಂಗಡಿಯವನು ನನ್ನ ಕಡೆ ನೋಡಿ, "ಯಜಮಾನ್ರು ಕಾರಿಗೆ ನೋಡ್ತಾವ್ರಾ, ವಿಮಾನಕ್ಕಾ ಮೇಡಂ?" ಅಂದ. ಯಾರೂ ನಗದಿದ್ದಾಗ ಕೆಳಗಿನದ್ದನ್ನೇ ಡಬ್ಬಿಯಿಂದ ತೆಗೆದ.

ಹಾಕುವ ಕೆಲಸ ಬೇಗ ಮುಗಿಯಲಿಲ್ಲ. ಸೀಟಿನ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಕಳಚಿ, ಹಿಂದಿನಿಂದ ಮುಂದಿನವರೆಗೆ ವೈರು ಎಳೆಯಬೇಕು. ಅದರ ಕೊನೆಯನ್ನು ರಿವರ್ಸ್ ದೀಪದ ವೈರಿಗೆ ಸೇರಿಸಬೇಕು, ಗೇರು ಹಾಕಿದ ಕೂಡಲೇ ಪರದೆ ಹೊತ್ತಿಕೊಳ್ಳಬೇಕು. ಡಿಕ್ಕಿಯ ಬಾಗಿಲಿಗೆ ತೂತು ಹೊಡೆಯಬೇಕು ಅಂದಾಗ ಡ್ರೈವರಣ್ಣ ರಸ್ತೆ ದಾಟಿ ಆ ಕಡೆ ಹೋಗಿ ನಿಂತರು. ಡ್ರಿಲ್ಲಿನ ಸದ್ದು ನಿಂತ ಮೇಲೆ ಬಂದರು. ನಡುವೆ ಎರಡು ಸಲ ಆಸ್ಪತ್ರೆಗೆ ಹೋಗಿ ಅಕ್ಕನನ್ನು ನೋಡಿಕೊಂಡು ಬಂದರು. ಕೊನೆಗೆ ನನ್ನನ್ನು ಕಾರಿನ ಹಿಂದೆ ನಿಲ್ಲಿಸಿ ಬಲಗೈ ಎತ್ತಿಸಿದರು, ಎಡಗೈ ಎತ್ತಿಸಿದರು. ಕೈ ಅದಲುಬದಲಾಗಿ ಕಾಣುತ್ತದೋ ಎಂಬ ಅನುಮಾನ. "ಕನ್ನಡೀಲಿ ಕಂಡಂಗೇ ಸೆಟ್ ಮಾಡಿವ್ನಿ ಸಾ" ಎಂದು ಕೆಲಸದವನು ಹೇಳಿದ ಮೇಲೂ ಇನ್ನೊಮ್ಮೆ ಎತ್ತಿಸಿದರು.

ಆ ದಿನ ಅವರ ಮುಖದಲ್ಲಿ ನಾನು ಕಂಡ ನೆಮ್ಮದಿ ಮತ್ತೆ ಕಾಣಲಿಲ್ಲ. ಮಾರನೆಯ ದಿನ ಮಂಗಳವಾರ, ಆಸ್ಪತ್ರೆ ಇಲ್ಲ. ಮಕ್ಕಳನ್ನೆಲ್ಲ ಕರೆದು ಕ್ಯಾಮೆರಾ ತೋರಿಸಿದರು. ಕಾರು ನಿಂತಲ್ಲೇ ಇತ್ತು, ಎಂಜಿನ್ ಚಾಲೂ ಆಗಿರಲಿಲ್ಲ, ಪರದೆ ಹೊತ್ತಲೆಂದು ಕೀಲಿ ತಿರುಗಿಸಿ ರಿವರ್ಸ್ ಗೇರು ಮಾತ್ರ ಹಾಕಿಟ್ಟಿದ್ದರು. ಇಬ್ಬಿಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಉಳಿದವರು ಹಿಂದೆ ನಿಂತು ಕುಣಿದರು, ನಾಲಗೆ ಚಾಚಿದರು. ಒಳಗಿದ್ದವರು "ಧನುಷ್ ಟಿವೀಲಿ ಬಂದ, ಆಯಿಷಾ ಟಿವೀಲಿ ಬಂದ್ಳು" ಎಂದು ಕೂಗಿದರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಅಕ್ಕ ಕಿಟಕಿಯಿಂದ ನಗುತ್ತಿದ್ದರು. ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ.

ಬುಧವಾರ ಬೆಳಗ್ಗೆ ಹೊಳೆಯಿತು. ಡ್ರೈವರಣ್ಣ ರಿವರ್ಸ್ ಗೇರು ಹಾಕಿದರು. ಹಿಂದಿನ ಬಿಳಿ ದೀಪ ಹೊತ್ತಿದ್ದೇ ತಡ, ಅಂಗನವಾಡಿಯ ಬಾಗಿಲಲ್ಲಿದ್ದ ಮಕ್ಕಳೆಲ್ಲ ಒಂದೇ ಓಟಕ್ಕೆ ಓಡಿಬಂದು ಕಾರಿನ ಹಿಂದೆ ನಿಂತು ಕುಣಿಯತೊಡಗಿದವು. ಅವರು ಎಂಜಿನ್ ಆರಿಸಿ ಇಳಿದರು. ಬೆವರು ಕಿತ್ತುಕೊಂಡಿತ್ತು.

"ಇಷ್ಟು ದಿನ ಕಾರು ಕಂಡ್ರೆ ಗೋಡೆಗೆ ಅಂಟ್ಕತ್ತಿದ್ವು. ಈಗ ಕಾರು ಕಂಡ್ರೆ ಓಡ್ಬತ್ತವೆ. ಏನ್ ಮಾಡ್ಬುಟ್ಟೆ ಟೀಚ್ರಮ್ಮ ನಾನು?"

ಅವತ್ತಿನಿಂದ ಆ ಹೊತ್ತಿಗೆ ನಾನು ಬಂದ ಮಕ್ಕಳನ್ನೆಲ್ಲ ಒಳಗೆ ಹಾಕಿ ಚಿಲಕ ಹಾಕುತ್ತಿದ್ದೆ. ಮಕ್ಕಳು ಕಿಟಕಿಯ ಸರಳು ಹಿಡಿದು ಅಳುತ್ತಿದ್ದವು. ಟಿವಿಯಲ್ಲಿ ಬರುವ ಅವಕಾಶ ತಪ್ಪಿತಲ್ಲ ಎಂಬ ದುಃಖ. ಪರದೆಯಲ್ಲಿ ಖಾಲಿ ಓಣಿ ಕಂಡರೆ ಮಾತ್ರ ಅವರು ಕ್ಲಚ್ ಬಿಡುತ್ತಿದ್ದರು. ಅದೂ ಆಮೆಯ ಹಾಗೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತಿದ್ದರು. ಹೀಗೇ ನಡೆದುಕೊಂಡು ಹೋಗುತ್ತದೆ ಅಂದುಕೊಂಡೆವು.

ಆಯುಧಪೂಜೆ ಬಂತು. ಎಲ್ಲರ ಮನೆಯಂತೆ ಅವರ ಮನೆಯಲ್ಲೂ ಕಾರು ತೊಳೆದು, ಬಾಳೆಕಂದು ಕಟ್ಟಿ, ಹೂವು ಹಾಕಿದರು. ಅಕ್ಕ ಕುರ್ಚಿ ಹಾಕಿಸಿಕೊಂಡು ಕೂತೇ ಪೂಜೆ ಮಾಡಿದರು. ಬಾನೆಟ್ಟಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ ವಿಭೂತಿ, ಅರಿಶಿನ, ಕುಂಕುಮ. ಕೊನೆಗೆ ಕುರ್ಚಿ ಹಿಂದಕ್ಕೆ ಹಾಕಿಸಿಕೊಂಡು ಕ್ಯಾಮೆರಾಕ್ಕೂ ಇಟ್ಟರು. ಅದರ ಕಣ್ಣು ಎಷ್ಟಿದೆಯೋ ಅಷ್ಟಗಲಕ್ಕೆ. ಮರುದಿನದ ಪಯಣಕ್ಕೆ ಗೇರು ಹಾಕಿದಾಗ ಪರದೆಯಲ್ಲಿ ಓಣಿ ಇಲ್ಲ, ಕೆಂಪು ಕತ್ತಲೆ. ಡ್ರೈವರಣ್ಣ ಗಾಬರಿಯಾಗಿ ಇಳಿದು ನೋಡಿದರು.

"ಕಣ್ಣಿಗೇ ಕುಂಕುಮ ಇಟ್ಟಿದೀಯಲ್ಲ ಇವಳೇ."

"ಹೊಸ್ಲಿಗಿಡ್ತೀನಿ, ಒಲೆಗಿಡ್ತೀನಿ. ದಿನಾ ನನ್ನ ಕಾಯೋದು ಅದು. ಅದಕ್ಕಿಡಬಾರ್ದಾ?"

ಅವರು ಕರ್ಚೀಫಿನಿಂದ ಒರೆಸಿದರು. ಅದು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಶುಕ್ರವಾರ ಅಕ್ಕ ಹೊಸ್ತಿಲ ಪೂಜೆ ಮುಗಿಸಿ ಕಾರು ಹತ್ತುವ ಮೊದಲು ಗೋಡೆ ಹಿಡಿದುಕೊಂಡು ಹೋಗಿ ಕ್ಯಾಮೆರಾಕ್ಕೊಂದು ಬೊಟ್ಟು ಇಡುವರು. ಡ್ರೈವರಣ್ಣ ಅದನ್ನು ಒರೆಸುವರು. ಒರೆಸುವುದಕ್ಕೆ ಮೊದಲು ಒಮ್ಮೆ ಕಣ್ಣಿಗೊತ್ತಿಕೊಳ್ಳುವರು, ನಾನು ನೋಡಿದ್ದೇನೆ. ಬೇಡ ಅನ್ನುವ ಮನಸ್ಸು ಅವರಿಗೆ ಬರಲಿಲ್ಲ. ಆ ಹೆಂಗಸಿನ ಕೈಲಿ ಆಗುವ ಕೆಲಸಗಳು ಅಷ್ಟು ಕಡಿಮೆಯಾಗಿದ್ದವು.

ಇನ್ನು ಆ ಶುಕ್ರವಾರದ ಮಾತು. ಕಾರಿನೊಳಗೆ ನಡೆದದ್ದನ್ನು ಆಮೇಲೆ ಅಕ್ಕನೇ ನನಗೆ ಹೇಳಿದ್ದು.

ಅವತ್ತು ಅಕ್ಕನಿಗೆ ಬೆಳಗ್ಗೆಯಿಂದ ವಾಂತಿ. ಸೀರೆ ಬದಲಿಸಿ, ಕಾರಿಗೆ ಹತ್ತಿಸುವಷ್ಟರಲ್ಲಿ ಹೊತ್ತಾಗಿತ್ತು. ನಾನು ಬಂದಿದ್ದ ಮಕ್ಕಳನ್ನು ಒಳಗೆ ಹಾಕಿ ಚಿಲಕ ಹಾಕಿ, "ಆಯ್ತಣ್ಣ" ಎಂದು ಕೂಗಿದ್ದೆ. ಡ್ರೈವರಣ್ಣ ಗೇರು ಹಾಕಿದರು. ಪರದೆಯಲ್ಲಿ ಕೆಂಪು ಕತ್ತಲೆ.

"ಥತ್, ಒರೆಸೋದು ಮರೆತೆ" ಅಂದರಂತೆ. ಗಡಿಯಾರ ನೋಡಿಕೊಂಡರು. ಸಿಸ್ಟರ ಮಾತು ನೆನಪಾಗಿರಬೇಕು. ಟೀಚರು ಚಿಲಕ ಹಾಕಿದ್ದಾರೆ, ಓಣಿ ಖಾಲಿಯೇ ಇರುತ್ತದೆ, ದೊಡ್ಡ ರಸ್ತೆಗೆ ಹೋಗಿ ಒರೆಸಿದರಾಯಿತು. ಪಕ್ಕದ ಕನ್ನಡಿಗಳನ್ನು ನೋಡಿಕೊಂಡು ಕ್ಲಚ್ಚಿನಿಂದ ಕಾಲು ಸಡಿಲಿಸಿದರು. ಆಯುಷ್ಯದಲ್ಲಿ ಮೊದಲ ಸಲ, ಹಿಂದೆ ಏನೂ ಕಾಣದೆ, ಹಿಂದೆ ಯಾರೂ ಇಲ್ಲದೆ.

ಕಣ್ಣು ಮುಚ್ಚಿ ಒರಗಿದ್ದ ಅಕ್ಕ ಕಣ್ಣು ಬಿಟ್ಟು ಪರದೆ ನೋಡಿದರು.

"ಸೂತಕ ಅಲ್ವೇನ್ರೀ. ಇವತ್ತು ನಾನು ಯಾವುದಕ್ಕೂ ಕುಂಕುಮ ಇಟ್ಟಿಲ್ಲ."

ಅರಕಲಗೂಡಿನಲ್ಲಿ ದಾಯಾದಿಗಳ ಮನೆಯಲ್ಲೊಂದು ಸಾವಾಗಿತ್ತು. ಆ ವಾರ ಅವರ ಮನೆಯಲ್ಲಿ ದೇವರ ದೀಪವನ್ನೂ ಹಚ್ಚಿರಲಿಲ್ಲ.

ಬ್ರೇಕು ಹಾಕಿದ ಸದ್ದು ನನಗೆ ಒಳಗೆ ಕೇಳಿಸಿತು. ಚಿಲಕ ತೆಗೆದು ಹೊರಗೆ ಬಂದೆ. ಡ್ರೈವರಣ್ಣ ಇಳಿದು ಹಿಂದಕ್ಕೆ ಹೋಗಿದ್ದರು. ಅವರ ಪಕ್ಕದ ಮನೆಯ ಮೋಕ್ಷಿತಾ, ಇನ್ನೂ ಅಂಗನವಾಡಿಗೆ ಹೊರಟೇ ಇರದಿದ್ದವಳು, ತಲೆ ಬಾಚಿಸಿಕೊಳ್ಳುವಾಗ ಅಜ್ಜಿಯ ಕೈಯಿಂದ ಜಾರಿ ಬಂದಿದ್ದಳು. ಒಂದು ಜಡೆ ಹಾಕಿತ್ತು, ಇನ್ನೊಂದು ಬಿಚ್ಚಿತ್ತು. ಬಂಪರಿಗೆ ಎದೆ ಒತ್ತಿ ನಿಂತು, ಅಂಗೈಯನ್ನು ಕ್ಯಾಮೆರಾದ ಮೇಲೆ ಅಗಲಿಸಿ ಇಟ್ಟಿದ್ದಳು.

"ತಾತ, ನನ್ ಕೈ ಟಿವೀಲಿ ಬಂತಾ?"

ಅವರು ಮೋಕ್ಷಿತಾಳ ಮನೆಯ ಜಗುಲಿಯ ಮೇಲೆ ಕುಸಿದು ಕೂತರು. ಬಾಚಣಿಗೆ ಹಿಡಿದೇ ಓಡಿಬಂದ ಅವಳ ಅಜ್ಜಿ ಮಗುವಿನ ಬೆನ್ನಿಗೊಂದು ಕೊಟ್ಟರು. "ಹೊಡೀಬ್ಯಾಡವ್ವ. ತೋರ್ಸಿ ಕಲ್ಸಿದ್ದು ನಾನು" ಅಂದರು ಡ್ರೈವರಣ್ಣ.

ಕಾರಿನ ಬಾಗಿಲು ತೆರೆದೇ ಇತ್ತು. ಒಳಗಿಂದ ಅಕ್ಕ, "ಏಳಿ, ಹೊತ್ತಾಯ್ತು" ಅಂದರು.

"ನನ್ ಕೈಲಾಗಲ್ಲ."

"ಆಗ್ದಿದ್ರೆ ಬುಡಿ. ಮನೇಲೇ ಇರ್ತೀನಿ." ಸಿಟ್ಟಿಲ್ಲ, ಅಳುವಿಲ್ಲ. ಸೊಪ್ಪು ಇವತ್ತು ಬೇಡ ಅನ್ನುವ ಹಾಗೆ ಹೇಳಿದರು.

ಡ್ರೈವರಣ್ಣ ಎದ್ದರು. ಸ್ಟೇರಿಂಗಿನ ಮುಂದೆ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು.

"ಟೀಚ್ರಮ್ಮ, ಮಕ್ಳು ಒಳಗವ್ರಾ?"

"ಎಲ್ಲ ಒಳಗಿದ್ದಾರೆ ಅಣ್ಣ." ಮೋಕ್ಷಿತಾಳನ್ನು ನಾನೇ ಎತ್ತಿಕೊಂಡು ಬಂದು ಬಾಗಿಲ ಒಳಗೆ ನಿಲ್ಲಿಸಿದ್ದೆ.

"ಎಲ್ಲ ಅಂದ್ರೆ ಯಾರ್ಯಾರು?"

ನಾನು ಒಂದೊಂದೇ ಹೆಸರು ಹೇಳಿದೆ. ಅವರಿಗೆ ಅದೂ ಸಾಕಾಗಲಿಲ್ಲ. "ನೀನು ಯೋಳ್ಬ್ಯಾಡ. ಅವ್ರೇ ಯೋಳ್ಲಿ" ಅಂದರು. ಹಾಜರಿ ಕೂಗುವ ಹಾಗೆ ನಾನು ಹೆಸರು ಕೂಗಿದೆ, ಒಳಗಿಂದ ಒಂದೊಂದೇ ಮಗು "ಇದ್ದೀನಿ" ಅಂದಿತು. ಮೋಕ್ಷಿತಾ ಬಿಕ್ಕುತ್ತಲೇ ಅಂದಳು. ಆಮೇಲೆ ಕಾರು ಕದಲಿತು. ಆ ದಿನ ಆಸ್ಪತ್ರೆಯಲ್ಲಿ ಪಾಳಿ ಉಳಿಯಿತು. ಅಕ್ಕನಿಗಿಂತ ಮೊದಲ ಪಾಳಿಯ ರೋಗಿಯೂ ತಡವಾಗಿ ಬಂದು, ಮೆಷೀನು ಇನ್ನೂ ಖಾಲಿಯಾಗಿರಲಿಲ್ಲವಂತೆ.

ಮುಂದೆ ಅದೇ ರೂಢಿಯಾಯಿತು. ಕೆಲವೇ ವಾರಗಳಲ್ಲಿ ಅವರಿಗೆ ಹೆಸರುಗಳೆಲ್ಲ ಬಾಯಿಪಾಠವಾದವು. ಬೇಗ ಹೊರಟು, ಕ್ಯಾಮೆರಾ ಒರೆಸಿ, ಕಾರಿನ ಸುತ್ತ ನಡೆದು ಬಂದು, ಕಿಟಕಿಯಿಂದ ತಾವೇ ಕೂಗುವರು. ಬಾರದ ಮಗು ಇದ್ದರೆ ಎಲ್ಲಿದೆ ಎಂದು ತಿಳಿಯಬೇಕು. ಜ್ವರ ಅಂದರೆ ಆ ಮನೆಯವರು ಕಿಟಕಿಯಲ್ಲಿ ಮಗುವನ್ನು ಎತ್ತಿ ತೋರಿಸಬೇಕು. ಅಜ್ಜಿಯ ಊರಿಗೆ ಹೋಗಿದೆ ಅಂದರೆ, "ಯಾವಾಗ ಹೋಯ್ತು, ನೀನು ನೋಡ್ದಾ?" ಓಣಿಯಲ್ಲಿ ಕೆಲವರು ರೇಗಿದರು. "ಇವರ ಕಾರು ಹೊರಡೋದಂದ್ರೆ ಜನಗಣತಿ" ಎಂದು ಆಡಿಕೊಂಡರು. ಅವರು ಯಾರ ಮಾತಿಗೂ ಎದುರಾಡಲಿಲ್ಲ, ಹೆಸರು ಕೂಗುವುದನ್ನೂ ಬಿಡಲಿಲ್ಲ. ಕ್ಯಾಮೆರಾ ತೆಗೆಸಿಬಿಡಿ ಎಂದು ಯಾರೋ ಹೇಳಿದಾಗ, "ಅದೇನ್ ತಪ್ ಮಾಡ್ತು, ಅದು ಕಂಡಿದ್ದನ್ನ ತೋರಿಸ್ತು" ಅಂದರು.

ಅವರು ಹೋದದ್ದು ಒಂದು ಭಾನುವಾರ ಬೆಳಗ್ಗೆ. ಸ್ನಾನಕ್ಕೆ ನೀರು ಕಾಯುತ್ತಿದೆ ಎಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಎಲ್ಲರೂ ಅಕ್ಕನಿಗಾಗಿ ಹೆದರಿಕೊಂಡು ಕೂತಿದ್ದೆವು, ಹೋದವರು ಅವರು. ನಾನು ಹೋಗಿ ಅಕ್ಕನ ಪಕ್ಕ ಕೂತಾಗ ಅವರು ಗಂಡನ ಪಾದ ನೋಡುತ್ತ ಹೇಳಿದರು: "ಭಾನ್ವಾರ ನೋಡ್ಕಂಡು ಹೋದ್ರು ಕಣವ್ವ. ಬೇರೆ ದಿನ ಆಗಿದ್ರೆ ನನ್ ಪಾಳಿ ತಪ್ಪೋದು."

ಸೋಮವಾರದ ಪಾಳಿಯೂ ತಪ್ಪಲಿಲ್ಲ. ನೆಂಟರೇ ಯಾರೋ ಕರೆದುಕೊಂಡು ಹೋದರು. ತಿಥಿ ಕಳೆದ ಮೇಲೆ ಹಳೇಕೋಟೆ ಕಡೆಯ ಬಾಡಿಗೆ ಡ್ರೈವರೊಬ್ಬನನ್ನು ಗೊತ್ತುಮಾಡಿದರು. ಒಳ್ಳೆಯ ಹುಡುಗ, ಚುರುಕು. ಮೊದಲ ದಿನವೇ ಅಕ್ಕನನ್ನು ಕೂರಿಸಿ, ಗೇರು ಹಾಕಿ, ಪರದೆ ನೋಡಿ, "ಕ್ಲಿಯರಾಗದೆ ಅಮ್ಮ, ಬಿಡ್ಲಾ?" ಅಂದ.

"ಎಂಜಿನ್ ಆಫ್ ಮಾಡಪ್ಪ."

"ಯಾಕಮ್ಮ, ಏನಾಯ್ತು?"

"ಮಾಡು ಅಂದೆ. ನನ್ ದನಿ ಅಷ್ಟು ದೂರ ಹೋಗಲ್ಲ."

ಎಂಜಿನ್ ನಿಂತಿತು. ನಾನು ಬಾಗಿಲಲ್ಲಿ ನಿಂತಿದ್ದೆ, ಆಯ್ತು ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಅಕ್ಕ ಕಿಟಕಿಯ ಗಾಜು ಇಳಿಸಿ ಹೆಸರು ಕೂಗತೊಡಗಿದರು. ಎರಡು ಹೆಸರಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಾಗಿತ್ತು. ಧನುಷ್, ಆಯಿಷಾ. ಲಿಖಿತಾ, ಮೋಕ್ಷಿತಾ. ಒಂದೊಂದೇ ಮಗು ಒಳಗಿಂದ "ಇದ್ದೀನಿ" ಅಂದಿತು. ಹೆಸರುಗಳು ಮುಗಿದವು. ಹುಡುಗ ಕೀಲಿಗೆ ಕೈ ಹಾಕಿದ.

"ಅಕ್ಕ, ಇನ್ನೊಂದು ಮಗು ಇದೆ. ಮೊನ್ನೆ ಸೇರಿದ್ದು" ಅಂದೆ.

"ಹೌದಾ? ಏನ್ ಹೆಸ್ರು?"

"ಪ್ರೀತಮ್."

"ಪ್ರೀತಮ್" ಎಂದು ಅಕ್ಕ ಕೂಗಿದರು. ಉತ್ತರ ಬರಲಿಲ್ಲ. ಆ ಮಗುವಿಗೆ ಇದು ಏನೆಂದೇ ಗೊತ್ತಿಲ್ಲ. ನನ್ನ ಸೀರೆ ಹಿಡಿದು ಹಿಂದೆ ಅವಿತುಕೊಂಡಿತ್ತು. ಮಿಕ್ಕ ಮಕ್ಕಳು, "ಇದ್ದಾನೆ ಅಜ್ಜಿ, ಇಲ್ಲೇ ಇದ್ದಾನೆ" ಎಂದು ಒಟ್ಟಿಗೆ ಅರಚಿದವು.

"ನೀವ್ ಯೋಳ್ಬ್ಯಾಡಿ. ಅವ್ನೇ ಯೋಳ್ಲಿ."

ಬಾಡಿಗೆ ಹುಡುಗ ಗಡಿಯಾರ ನೋಡಿದ, ಅಕ್ಕನ ಮುಖ ನೋಡಿದ, ಕೀಲಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಕ್ಕ ಇನ್ನೊಮ್ಮೆ ಉಸಿರು ತೆಗೆದುಕೊಂಡು ಕೂಗಿದರು. ನಾನು ಮಗುವಿನ ಬೆನ್ನ ಮೇಲೆ ಕೈಯಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅದು ನನ್ನ ಸೀರೆಯ ನೆರಿಗೆಯೊಳಗಿಂದಲೇ, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ, ಇದ್ದೀನಿ ಅಂದಿತು.

"ಇನ್ನೂ ಜೋರಾಗಿ ಹೇಳು ಕಂದ, ಅಜ್ಜಿಗೆ ಕೇಳ್ಬೇಕು" ಅಂದೆ.